ಮಾಳಿಗೆಯ ಮೇಲಿನ ಹೆಸರು

"ಗುರುಗಳೇ, ಉಪಕಾರ ಮಾಡಿದವರ ಎದುರು ನಿಂತು 'ಇದು ಸರಿಯಿಲ್ಲ' ಎನ್ನುವುದು ಕೃತಘ್ನತೆಯಲ್ಲವೇ?"

ಕೇಳಿದವನು ಚೆನ್ನವೀರ. ಆಶ್ರಮದ ಉಚಿತ ಪ್ರಸಾದ ನಿಲಯದಲ್ಲಿ ಅರವತ್ತು ಮಕ್ಕಳ ಊಟ, ವಸತಿ ನೋಡಿಕೊಳ್ಳುವ ಶಿಷ್ಯ. ಯಾರು ಮಾಡಿದ ಉಪಕಾರ, ಏನು ಸರಿಯಿಲ್ಲ ಎಂದು ಅವನು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ.

"ಮೂರು ದಿನದಿಂದ ನೋಡುತ್ತಿದ್ದೇನೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಓಡಾಡುತ್ತಿದ್ದೀಯ. ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ಅಂತೂ ಇವತ್ತು ಬಾಯಿಬಿಟ್ಟೆ, ಪುಣ್ಯ. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಚೆನ್ನವೀರ ಕೂತ. ಗುರುಗಳು ಹೇಳತೊಡಗಿದರು.

ಕಲ್ಲು ಒಡೆಯುವವರ ಊರು ಒಂದಿತ್ತು. ಅಲ್ಲಿಯ ಗಂಡಸರು ಮೂರು ತಲೆಮಾರು ಗಣಿಗೆ ಹೋದರು. ಅವರು ಕಡಿದ ಕಲ್ಲು ದೂರದ ಊರುಗಳ ಮನೆಗಳಿಗೆ ನೆಲವಾಯಿತು. ದೂಳು ಮಾತ್ರ ಅವರ ಎದೆಯಲ್ಲೇ ಉಳಿಯಿತು. ನಲವತ್ತು ದಾಟುವಷ್ಟರಲ್ಲಿ ಅಂಗಳ ದಾಟಲು ಉಸಿರು ಸಾಲದು. ಆ ರೋಗಕ್ಕೆ ಮದ್ದು ಇಲ್ಲ. ಗಾಳಿಯನ್ನು ಸೋಸಿ ಆಕ್ಸಿಜನ್ ಕೊಡುವ ಮಷೀನಿನ ಪಕ್ಕದಲ್ಲಿ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೂರಬೇಕು, ಅಷ್ಟೇ. ಆ ಮಷೀನು ನಡೆಯುವುದು ಕರೆಂಟಿನಿಂದ.

ಮಾಳವ್ವ ಎಂಬ ಹೆಣ್ಣುಮಗಳು ಅದೇ ಊರಿನ ಸರಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದಳು. ಉಸಿರಿಗೆ ಒದ್ದಾಡುತ್ತ ಬಂದವರನ್ನು ಮಂಚ ಖಾಲಿಯಿಲ್ಲ ಎಂದು ವಾಪಸು ಕಳಿಸುವುದನ್ನು ಮೂವತ್ತು ವರ್ಷ ಕಣ್ಣಾರೆ ಕಂಡಳು. ನಿವೃತ್ತಿಯಾದ ಮರುದಿನವೇ ಊರ ಹೊರಗಿನ ಹಳೆಯ ಗೋದಾಮು ಒಂದನ್ನು ಕೇಳಿ ಪಡೆದು, ಸುಣ್ಣ ಬಳಿಸಿ, ಕಲ್ಲಿನ ದೂಳು ಕುಡಿದವರಿಗಾಗಿ ಒಂದು ಮನೆ ಮಾಡಿದಳು. ಹನ್ನೆರಡು ಮಂದಿ ಬಂದು ಸೇರಿದರು. ಯಾರ ಕೈಯಿಂದಲೂ ಒಂದು ಪೈಸೆ ಮುಟ್ಟಲಿಲ್ಲ. 'ಮೂರು ತಿಂಗಳಲ್ಲಿ ಬಾಗಿಲು ಹಾಕುತ್ತಾಳೆ ನೋಡು' ಎಂದರು ಊರವರು. ಹಟಮಾರಿ ಹೆಂಗಸು, ಹಾಕಲಿಲ್ಲ.

ಮನೆಯಲ್ಲಿ ಮಷೀನುಗಳಿಗೆ ಕೊರತೆ ಇರಲಿಲ್ಲ. ಹನ್ನೆರಡು ಮಂದಿಗೆ ಹದಿನೈದು ಮಷೀನು ಇದ್ದವು. ಮಷೀನು ಕೊಡಲು ಜನ ನಾ ಮುಂದು ತಾ ಮುಂದು ಎಂದು ಬರುತ್ತಾರಪ್ಪ, ಅದರ ಮೇಲೆ ಹೆಸರು ಬರೆಸಬಹುದು. ಕರೆಂಟಿನ ಬಿಲ್ಲಿನ ಮೇಲೆ ಯಾರು ಹೆಸರು ಬರೆಸುತ್ತಾರೆ? ಆ ಮನೆಯ ಮಂಚ, ಫ್ಯಾನು, ನೀರಿನ ಲೋಟ ಎಲ್ಲದರ ಮೇಲೂ ದಾನಿಗಳ ಹೆಸರು. ಟ್ಯೂಬ್‌ಲೈಟನ್ನೂ ಬಿಟ್ಟಿರಲಿಲ್ಲ. ದಾನಿಗಳ ಹೆಸರು, ಅವರ ತಂದೆತಾಯಿಯ ಹೆಸರು, ಯಾರ ಸ್ಮರಣಾರ್ಥ ಎಂಬ ವಿವರ ಎಲ್ಲ ಬರೆದ ಮೇಲೆ ಬೆಳಕು ಬರಲು ಉಳಿದದ್ದು ಗೇಣು ಜಾಗ. ಮಾಳವ್ವನೇ ನಿಂತು ಬರೆಸುತ್ತಿದ್ದಳು. ಕೊಟ್ಟವರಿಗೆ ತಾನು ತಿರುಗಿ ಕೊಡಬಹುದಾದದ್ದು ಇದೊಂದೇ ಎಂದು ಅವಳು ನಂಬಿದ್ದಳು.

ಹೀಗೆ ಮಷೀನು ಹದಿನೈದಿದ್ದರೂ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ನಡೆಸಿದರೆ ಬಿಲ್ಲು ಕೈಗೆ ಮೀರುತ್ತಿತ್ತು. ಅದಕ್ಕೆ ಪಾಳಿ ಮಾಡಿದ್ದಳು. ನಾಲ್ಕು ಮಂದಿ ಎರಡು ತಾಸು ನಳಿಗೆ ಹಾಕಿಕೊಂಡು ಕೂರಬೇಕು. ಉಳಿದವರು ಗೋಡೆಗೆ ಒರಗಿ ಗಡಿಯಾರ ನೋಡುತ್ತ ಕಾಯಬೇಕು. ಹಳ್ಳಿಯಲ್ಲಿ ಹೊಲಕ್ಕೆ ನೀರಿನ ಪಾಳಿ ಇರುತ್ತದೆ, ಕೇಳಿದ್ದೀಯ. ಉಸಿರಿಗೆ ಪಾಳಿ ಇದ್ದದ್ದು ಆ ಮನೆಯಲ್ಲಿ. ಪಾಳಿ ಮುಗಿದವನ ಮೂಗಿನಿಂದ ನಳಿಗೆ ತೆಗೆಯುವ ಕೆಲಸವನ್ನು ಮಾಳವ್ವ ಬೇರೆಯವರಿಗೆ ಬಿಡುತ್ತಿರಲಿಲ್ಲ. ಬೈಸಿಕೊಳ್ಳುವುದಾದರೆ ತಾನೇ ಬೈಸಿಕೊಳ್ಳಬೇಕು ಎಂಬುದು ಅವಳ ಲೆಕ್ಕ. ಯಾರೂ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಸಂಕಟ.

ಇಂಥ ಹೊತ್ತಿನಲ್ಲಿ ಗುರುಬಸಪ್ಪ ಎಂಬ ಎಣ್ಣೆ ವರ್ತಕರು ಬಂದರು. ಅವರು ಮಾತು ಬೆಳೆಸುವವರಲ್ಲ. ಮಾಳಿಗೆ ಹತ್ತಿ, ಅಳೆದು, ಇಳಿದು ಬಂದು ಹೇಳಿದರು:

"ಅಕ್ಕಾರ, ಇದು ದಾನ ಅಲ್ರಿ, ಪಾಲು. ಮಾಳಿಗಿ ನಿಮ್ದು, ಸೋಲಾರ್ ಪ್ಲೇಟು ನಮ್ದು. ಹೊಲ ಒಬ್ಬಂದು, ಎತ್ತು ಒಬ್ಬಂದು ಇದ್ಹಂಗ. ಬಿಸಿಲಿಗೆ ಹುಟ್ಟಿದ ಕರೆಂಟು ನೀವು ಬಳಸ್ರಿ, ಸರಕಾರದ ದರದಾಗ ಅರ್ಧ ನಮಗ ಕೊಡ್ರಿ. ಹನ್ನೆರಡು ವರ್ಷಕ್ಕ ಪ್ಲೇಟು ನಿಮ್ಮವ ಆಗ್ತಾವ. ಕರೆಂಟು ಕಮ್ಮಿ ಬಂದ್ರ ತಿಳಸೋದು ನಿಮ್ಮ ಕೆಲಸ, ರಿಪೇರಿ ಮಾಡಸೋದು ನಮ್ಮ ಕೆಲಸ."

ಎಷ್ಟು ಸ್ಪಷ್ಟವಾದ ಮಾತು! ಆದರೆ ಮಾಳವ್ವನ ಕಿವಿಗೆ ಬಿದ್ದದ್ದು 'ಪ್ಲೇಟು' ಮತ್ತು 'ಅರ್ಧ' ಎರಡೇ. ದಾನಿಗಳ ಮುಂದೆ ಬಗ್ಗಿ ಬಗ್ಗಿ ರೂಢಿಯಾದ ಕುತ್ತಿಗೆ ತಾನಾಗಿಯೇ ಬಗ್ಗಿತು. ಎರಡೂ ಕೈ ಜೋಡಿಸಿ "ದೇವರು ಬಂದ್ಹಂಗ ಬಂದ್ರಿ" ಎಂದಳು.

ಯುಗಾದಿಯ ಹೊತ್ತಿಗೆ ಪ್ಲೇಟುಗಳು ಮಾಳಿಗೆಯ ಮೇಲೆ ಸಾಲಾಗಿ ಕೂತವು. ಮೊದಲ ಮಧ್ಯಾಹ್ನವೇ ಮಾಳವ್ವ ಹನ್ನೆರಡು ಮಂದಿಗೂ ಮಷೀನು ಹಚ್ಚಿಸಿದಳು. ಎಲ್ಲರೂ ಒಮ್ಮೆಗೇ ನಳಿಗೆ ಹಾಕಿಕೊಂಡು ಕೂತದ್ದು ಆ ಮನೆಯಲ್ಲಿ ಅದೇ ಮೊದಲು. ಹಗಲಿನಲ್ಲಿ ಉಳಿದ ಕರೆಂಟು ಸರಕಾರದ ತಂತಿಗೆ ಹೋಗಿ ರಾತ್ರಿಯ ಖರ್ಚಿಗೆ ವಜಾ ಆಗುತ್ತಿತ್ತು. ಪಾಳಿ ನಿಂತಿತು. ಹೊರಗೆ ಕಾಯುತ್ತಿದ್ದ ಇನ್ನೂ ಮೂವರನ್ನು ಅವಳು ಒಳಗೆ ಕರೆದುಕೊಂಡಳು. ಹದಿನೈದು ಮಂದಿ, ಹದಿನೈದು ಮಷೀನು. ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಂತೋಷಕ್ಕೆ.

ಇಷ್ಟು ದೊಡ್ಡ ಉಪಕಾರಕ್ಕೆ ಲೋಟದ ಮೇಲಿನ ಹೆಸರು ಸಾಕೇ? ಸಾಲದು ಎನ್ನಿಸಿತು ಅವಳಿಗೆ. ವೆಲ್ಡಿಂಗ್ ಮಾಡುವವನನ್ನು ಕರೆಸಿದಳು. ಎರಡಾಳು ಎತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ತಗಡು ಕತ್ತರಿಸಿ ಮಾಡಿದ ದಪ್ಪ ಅಕ್ಷರ: 'ಶ್ರೀ ಗುರುಬಸಪ್ಪನವರ ಉದಾರ ಕೊಡುಗೆ'. ರಸ್ತೆ ದಕ್ಷಿಣಕ್ಕಿತ್ತು. ಹೋಗಿ ಬರುವವರಿಗೆ ಕಾಣಲಿ ಎಂದು ಮಾಳಿಗೆಯ ದಕ್ಷಿಣದ ಅಂಚಿಗೇ ನಿಲ್ಲಿಸಿದಳು. ಗುರುಬಸಪ್ಪನವರು ಬಂದು ನೋಡಿ, "ಇದೆಲ್ಲಾ ಯಾಕ್ರಿ ಅಕ್ಕಾರ" ಎಂದರು. ಎಂದವರು ರಸ್ತೆಯ ಈಚೆಯಿಂದ ಒಮ್ಮೆ, ಆಚೆಯಿಂದ ಒಮ್ಮೆ, ಗಾಡಿ ಹತ್ತುವ ಮುಂಚೆ ಇನ್ನೊಮ್ಮೆ ನೋಡಿದರು. ಮನುಷ್ಯರಪ್ಪ, ಅವರೂ.

ದೀಪಾವಳಿಯವರೆಗೆ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಕರೆಂಟು ಕುಗ್ಗತೊಡಗಿತು. ಆಕಾಶದಲ್ಲಿ ಒಂದು ಮೋಡವಿಲ್ಲ, ಬಿಸಿಲು ಧಾರಾಳ. ಅಡುಗೆಯ ಈರವ್ವ ದಿನವೂ ಬಿಸಿಲೇರುವ ಮುಂಚೆ ಹೋಗಿ ಪ್ಲೇಟು ಒರೆಸಿ ಬರುತ್ತಿದ್ದಳು. ಆದರೂ ಪ್ಲೇಟಿನಿಂದ ಹುಟ್ಟುವ ಕರೆಂಟು ತೋರಿಸುವ ಮೀಟರಿನ ಅಂಕಿ ದಿನದಿನಕ್ಕೆ ಇಳಿಯಿತು, ಬಿಲ್ಲು ಮೊದಲಿನಂತೆ ಏರಿತು. ಮಾಳವ್ವ ಹಲ್ಲು ಕಚ್ಚಿ ಮತ್ತೆ ಪಾಳಿ ಹಚ್ಚಿದಳು. ಈ ಸಲ ಕಾಯುವವರು ಮೊದಲಿಗಿಂತ ಮೂವರು ಹೆಚ್ಚು.

ವರ್ತಕರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಬೇಕೆಂದು ಮೊದಲ ದಿನವೇ ಒಪ್ಪಂದವಾಗಿತ್ತು. ಹೇಳಲಿಲ್ಲ. ಪ್ಲೇಟುಗಳೇ ಕಳಪೆ ಎಂದು ಅವಳು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದಳು. ಸಾವ್ಕಾರರು ಅಗ್ಗದ ಮಾಲು ಹಾಕಿಸಿದ್ದಾರೆ, ಇರಲಿ, ಅಷ್ಟಾದರೂ ಮಾಡಿದರಲ್ಲ ಎಂದುಕೊಂಡಳು. ನೋಡು ಸೋಜಿಗ! ಕೇಳದೆ ವಿಚಾರಿಸದೆ ಒಬ್ಬರ ಮೇಲೆ ತಪ್ಪು ಹೊರಿಸಿ, ಆ ತಪ್ಪನ್ನು ತಾನೇ ಕ್ಷಮಿಸಿ, ಅದನ್ನು ಕೃತಜ್ಞತೆ ಎಂದು ಕರೆದುಕೊಂಡಳು.

ಹುಲಿಗೆಪ್ಪ ಎಂಬ ಕಲ್ಲುಕುಟಿಗ ಆ ಮನೆಯಲ್ಲಿ ಎಲ್ಲರಿಗಿಂತ ಹಳಬ. ಅರ್ಧ ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಾಗಿದ್ದರೂ ಕೀಟಲೆ ಬಿಟ್ಟವನಲ್ಲ. ಅವನು ಒಂದು ದಿನ ಕೇಳಿಯೇಬಿಟ್ಟ, "ಸಾವ್ಕಾರ್ರಿಗೆ ಒಂದು ಮಾತು ಹೇಳ್ರಿ ಅಕ್ಕಾರ."

"ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದಪ್ಪ" ಎಂದಳು ಮಾಳವ್ವ.

"ಹಲ್ಲು ಎಣಿಸಬ್ಯಾಡ್ರಿ. ಹಾಲು ಕೊಡವಲ್ದು ಅಂತರ ಹೇಳ್ರಿ."

ಸುತ್ತ ಕೂತವರು ನಕ್ಕರು. ನಗುವುದೂ ಅವರಿಗೆ ದುಬಾರಿ, ನಕ್ಕವರೆಲ್ಲ ಕೆಮ್ಮಿದರು. ಮಾಳವ್ವನೂ ನಕ್ಕು ಮಾತು ತೇಲಿಸಿದಳು. ಹೀಗೆ ಎರಡು ತಿಂಗಳು ಕಳೆದವು.

ಒಂದು ಮುಂಜಾನೆ ಹುಲಿಗೆಪ್ಪನ ಪಾಳಿ ಇತ್ತು. ಹೊಸದಾಗಿ ಬಂದವರಲ್ಲಿ ಒಬ್ಬ ತೀರಾ ಒದ್ದಾಡುತ್ತಿದ್ದ. ಹುಲಿಗೆಪ್ಪ ತನ್ನ ನಳಿಗೆ ತೆಗೆದು ಅವನ ಮೂಗಿಗೆ ಹಾಕಿ, "ನಾ ಇವತ್ತು ಆರಾಮ ಅದೀನಿ" ಎಂದು ಗೋಡೆಗೆ ಒರಗಿದ. ಒಂದು ತಾಸಿನ ನಂತರ ಮಾಳವ್ವ ಬಂದಾಗ ಅವನ ತುಟಿ ನೀಲಿಗಟ್ಟಿತ್ತು. ಕರೆದರೆ ಓಗೊಡಲಿಲ್ಲ. ಮರುಗಳಿಗೆ "ಬಿಲ್ಲು ಹಾಳಾಗಿ ಹೋಗ್ಲಿ, ಎಲ್ಲಾ ಮಷೀನು ಹಚ್ಚ್ರಿ" ಎಂದು ಕೂಗಿದಳು. ನಳಿಗೆ ಹಾಕಿದಳು, ಎದೆ ತಿಕ್ಕಿದಳು, ಅಂಗಾಲು ತಿಕ್ಕಿದಳು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟ.

ಅವನು ಕಣ್ಣು ಬಿಟ್ಟ ಮೇಲೆ ಅವಳಿಗೆ ಸಿಟ್ಟು ಬಂತು. ತನ್ನ ಮೇಲೆ ಬರಬೇಕಾದ ಸಿಟ್ಟು ಮೊದಲು ಪ್ಲೇಟುಗಳ ಮೇಲೆ ಬಂತು. ಎಂಥ ಕಳಪೆ ಮಾಲು ಹಾಕಿದ್ದಾರೆ, ನೋಡಿಯೇಬಿಡುತ್ತೇನೆ ಎಂದು ಏಣಿ ಹತ್ತಿದಳು. ನಡು ಮಧ್ಯಾಹ್ನ. ಈ ಹೊತ್ತಿನಲ್ಲಿ ಆ ಮನೆಯವರು ಯಾರೂ ಮಾಳಿಗೆ ಹತ್ತಿದ್ದಿಲ್ಲ.

ಪ್ಲೇಟುಗಳಿಗೆ ಏನೂ ಆಗಿರಲಿಲ್ಲ, ಕನ್ನಡಿಯಂತೆ ಇದ್ದವು. ಆದರೆ ಮುಂದಿನ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಪ್ಪು ಅಕ್ಷರಗಳು ಮಲಗಿದ್ದವು. ಶ್ರೀ ಗುರುಬಸಪ್ಪನವರ ಉದಾರ ಕೊಡುಗೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿದ್ದಾಗ ಬೋರ್ಡಿನ ನೆರಳು ಅದರ ಬುಡದಲ್ಲೇ ಬೀಳುತ್ತಿತ್ತು. ಚಳಿಗಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿದ, ನೆರಳು ಉದ್ದವಾಗಿ ಒಳಗೆ ಚಾಚಿತು. ಪ್ಲೇಟುಗಳನ್ನು ಒಂದಕ್ಕೊಂದು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿಗೆ ಸಾಲೇ ಸೊರಗುತ್ತದೆ. ಮಾಳವ್ವ ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದಳು. ಬೋರ್ಡು ನಿಲ್ಲಿಸಿದ್ದು ಯಾರು? ತಾನೇ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಯಾರು? ತಾನೇ. ಹುಲಿಗೆಪ್ಪನ ನೀಲಿ ತುಟಿ ಕಣ್ಣ ಮುಂದೆ ಬಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಕೆಳಗೆ ಬಂದು ಈರವ್ವನಿಗೆ ವಿಷಯ ಹೇಳಿದಳು. ಈರವ್ವ ಬೆದರಿದಳು. ಹೆಸರು ಇಳಿಸಿದರೆ ಸಾವ್ಕಾರರಿಗೆ ಮುಖಭಂಗವಾಗುತ್ತದೆ, ಸಿಟ್ಟಿಗೆದ್ದು ಪ್ಲೇಟನ್ನೇ ಕಿತ್ತುಕೊಂಡು ಹೋದರೆ ಹದಿನೈದು ಮಂದಿಯ ಗತಿ ಏನು ಎಂದಳು. ಆ ಭಯ ಮಾಳವ್ವನಿಗೂ ಇತ್ತು. ಇತ್ತು ಎಂದೇ ಬೇಗ ಬೇಗ ಚಪ್ಪಲಿ ಮೆಟ್ಟಿದಳು. ಕೂತು ಯೋಚಿಸಿದರೆ ಮತ್ತೆರಡು ತಿಂಗಳು ಕೂರುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ವರ್ತಕರ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಾಳವ್ವ ಅವರೆಲ್ಲರ ನಡುವೆಯೇ ನಿಂತು, "ಸಾವ್ಕಾರ್ರ, ನಿಮ್ಮ ಹೆಸರಿನ ನೆರಳು ಪ್ಲೇಟಿನ ಮ್ಯಾಲೆ ಬೀಳಾಕತ್ತೈತಿ. ಬೋರ್ಡು ಇವತ್ತ ಇಳಸ್ತೀನಿ" ಎಂದಳು.

ಗುರುಬಸಪ್ಪನವರ ಮುಖ ಕಪ್ಪಿಟ್ಟಿತು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಸಾವ್ಕಾರರು ದನಿ ತಗ್ಗಿಸಿ ಹೇಳಿದರು: "ನಾಳೆ ಬೀಗರು ಬರ್ತಾರ. ಬೋರ್ಡು ತೋರಸ್ತೀನಿ ಅಂದೀನಿ. ಎರಡು ದಿನ ತಡೀರಿ ಅಕ್ಕಾರ. ಆಮ್ಯಾಲೆ ಏನರ ಮಾಡ್ಕೋರಿ."

ಎರಡು ದಿನ. ಕೇಳಿದರೆ ಎಷ್ಟು ಸಣ್ಣದು! ಹಳೆಯ ಮಾಳವ್ವನಾಗಿದ್ದರೆ 'ಆಗ್ಲಿ ಬಿಡ್ರಿ' ಎಂದು ಕೈ ಮುಗಿದು ಬರುತ್ತಿದ್ದಳು. ಅವಳ ನಾಲಿಗೆಯ ತುದಿಗೆ ಅದೇ ಮಾತು ಬಂದಿತ್ತು. ಅದನ್ನು ನುಂಗಿಕೊಂಡಳು.

"ಎರಡು ದಿನ ಅಂದ್ರ ಮತ್ತ ಎರಡು ದಿನ ಪಾಳಿ ಹಚ್ಚಬೇಕ್ರಿ. ಯಾರ ಪಾಳಿ ತಪ್ಪಸ್ಲಿ, ನೀವ ಹೆಸರು ಹೇಳ್ರಿ. ನೀವು ಹೇಳಿದವನ ಮೂಗಿನಿಂದ ನಾನ ನಳಿಗಿ ತಗೀತೀನಿ."

ಗುರುಬಸಪ್ಪನವರು ಎಣ್ಣೆಯ ಡಬ್ಬಿಗಳ ಕಡೆ ಮುಖ ತಿರುಗಿಸಿದರು. ಕೊನೆಗೆ "ಇಳಸ್ರಿ" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರ ದನಿ ಏರಿತು. "ಆದ್ರ ಕರೆಂಟು ಕಮ್ಮಿಯಾಗಿ ಎರಡು ತಿಂಗಳಾತು ಅಂತೀರಿ, ಯಾಕ ಸುಮ್ಮ ಕುಂತ್ರಿ? ಎತ್ತು ಕುಂಟಿದ ದಿನಾನ ಹೇಳಬೇಕೋ ಬ್ಯಾಡೋ? ಪಾಲುದಾರ ಅಂದ್ರ ಅದಕ್ಕಲ್ಲೇನ್ರಿ ಇರೋದು?"

"ನಿಮ್ಮ ಮಾಲ ಖರಾಬ ಅಂತ ತಿಳಕೊಂಡಿದ್ದೆ. ಹೇಳಾಕ ಸಂಕೋಚ ಆತು" ಎಂದಳು ಮಾಳವ್ವ. ಮುಚ್ಚಿಡಲಿಲ್ಲ.

ಬೋರ್ಡು ಇಳಿಸುತ್ತೇನೆ ಎಂದಾಗ ಬಾರದಷ್ಟು ಸಿಟ್ಟು ಆ ಮಾತಿಗೆ ಬಂತು ಅವರಿಗೆ. ಮತ್ತೆ ಮಾತಾಡಲಿಲ್ಲ, ಕೈ ಸನ್ನೆಯಿಂದಲೇ ಹೋಗಿ ಎಂದರು. ಅವಳು ಬೈಸಿಕೊಂಡವಳಂತೆ ಹೊರಗೆ ಬಂದಳು. ಆದರೆ ಹೆಜ್ಜೆ ನಿಲ್ಲಿಸಲಿಲ್ಲ. ಸೀದಾ ವೆಲ್ಡಿಂಗ್ ಅಂಗಡಿಗೆ ಹೋಗಿ ಆಳನ್ನು ಕರೆದುಕೊಂಡೇ ಮನೆಗೆ ಬಂದಳು.

ಅವನು ಚೌಕಟ್ಟಿನ ಕಾಲು ಕತ್ತರಿಸಿದ. ಮಾಳವ್ವ, ಈರವ್ವ ಹಗ್ಗ ಹಿಡಿದರು. ಬೋರ್ಡು ವಾಲಿತು, ಅಂಗಳಕ್ಕೆ ಇಳಿಯಿತು. ಮಾಳವ್ವ ಓಡಿ ಹೋಗಿ ಮೀಟರಿನ ಮುಂದೆ ನಿಂತಳು. ಅಂಕಿ ಏರುತ್ತಿತ್ತು. ಮರುದಿನ ಮಧ್ಯಾಹ್ನ ಪಾಳಿಯ ಪಟ್ಟಿಯನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದಳು. ಹದಿನೈದು ಮಂದಿಯೂ ನಳಿಗೆ ಹಾಕಿಕೊಂಡು ಕೂತರು, ಹುಲಿಗೆಪ್ಪನೂ ಕೂತ.

ಗುರುಬಸಪ್ಪನವರು ಬೀಗರನ್ನು ಕರೆತರಲಿಲ್ಲ. ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅವರಿಗೆ ಮುನಿಸಿತ್ತು, ಬಿಸಿಲಿಗೆ ಇರಲಿಲ್ಲ. ಆದರೆ ರಿಪೇರಿಯವನನ್ನು ಮಾತ್ರ ಮರುದಿನವೇ ಕಳಿಸಿ ಪ್ಲೇಟಿನ ಸಾಲುಗಳನ್ನೆಲ್ಲ ಪರೀಕ್ಷೆ ಮಾಡಿಸಿದರು. ಅದು ಅವರ ಪಾಲಿನ ಕೆಲಸವಾಗಿತ್ತು. ಅಂದಿನಿಂದ ಮಾಳವ್ವ ಪ್ರತಿ ಸೋಮವಾರ ಅವರಿಗೆ ಫೋನ್ ಮಾಡಿ, ಇಷ್ಟು ಕರೆಂಟು ಹುಟ್ಟಿತು ಎಂದು ತಿಳಿಸತೊಡಗಿದಳು. ಮೊದಮೊದಲು ಅವರು 'ಹೂಂ' ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದರು. ಒಂದು ಸೋಮವಾರ ಅಂಕಿ ಸ್ವಲ್ಪ ಕಡಿಮೆ ಎಂದಳು. ಅಂದು ಸಂಜೆಯೊಳಗೆ ಅವರೇ ಬಂದು ಏಣಿ ಹತ್ತಿದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚೆನ್ನವೀರ ತಲೆ ತಗ್ಗಿಸಿ ಕೂತಿದ್ದ. "ಆ ತಾಯಿಯ ಧೈರ್ಯ ದೊಡ್ಡದು ಗುರುಗಳೇ. ನನಗೆಲ್ಲಿ ಬರಬೇಕು? ನನ್ನದು ಹುಟ್ಟಾ ಸಂಕೋಚದ ಸ್ವಭಾವ" ಎಂದ.

"ಆ ಸಂಕೋಚಕ್ಕೆ ಬೆಲೆ ತೆರುತ್ತಿರುವವನು ನೀನೋ, ಆ ಅರವತ್ತು ಮಕ್ಕಳೋ?" ಎಂದರು ಗುರುಗಳು.